ಹೆಚ್ಚುವರಿ ಬಾಬತ್ತು

ಭರಮಸಾಗರ ದಾಟಿ ಸರ್ವಿಸ್ ರಸ್ತೆಗೆ ಇಳಿದರೆ
ಮೊದಲು ಸಿಗುವುದು ಮುಗಿದದ್ದು:
ನೀಲಿ ತಗಡು, ಹನ್ನೆರಡು ಬಾಗಿಲು,
ಲಾರಿಯ ಬೆನ್ನು ಬಂದು ತಾಗಲೆಂದು ಕರಿ ರಬ್ಬರಿನ ದಿಂಬು.
ಅದರ ಹಿಂದೆ ಎರಡನೇ ಹಂತ. ಕಂಬಗಳಿವೆ, ಸೂರಿಲ್ಲ.
ಅದರಾಚೆ ಮೂರನೆಯದು. ಅಲ್ಲಿನ್ನೂ
ಯಾರೂ ಬಿತ್ತದೆ ತಾನೇ ಎದ್ದ ಜೋಳ,
ನಕ್ಷೆಯಲ್ಲಿ ಚುಕ್ಕಿ ಚುಕ್ಕಿ ಗೆರೆ.

ನಾನು ಅಳತೆ ಪುಸ್ತಕದವಳು.
ಅಗೆದದ್ದು, ತುಂಬಿದ್ದು, ಕಟ್ಟಿದ್ದು,
ಉದ್ದ ಅಗಲ ಆಳ ಗುಣಿಸಿ
ಬಾಬತ್ತಿನ ಮುಂದೆ ನಾನು ಬರೆಯದೆ
ಒಂದು ಪುಟ್ಟಿ ಮಣ್ಣಿಗೂ ಇಲ್ಲಿ ಕಾಸು ಹುಟ್ಟದು.

ಯುಗಾದಿ ಕಳೆದ ವಾರ
ಹದಿನೇಳನೇ ಪಾಯಕ್ಕೆ ಖಲಂದರನ ಜೇಸಿಬಿ ಹಲ್ಲೂರಿದಾಗ
ನೆಲ ಕುಸಿಯಲಿಲ್ಲ. ಬಾಯಿ ತೆರೆಯಿತು, ಅಷ್ಟೆ.
ಒಂದಾಳು ಇಳಿಯುವಷ್ಟು ದುಂಡಗೆ,
ಸುತ್ತ ಚಪ್ಪಡಿ ಕೂರಿಸಿದ ಕಂಠ,
ಒಳಗಿಂದ ಮುಗ್ಗಲು ಹುಲ್ಲಿನ ವಾಸನೆ.

ಇಂಜಿನಿಯರ್ ಮೊಬೈಲಿಗೆ ದಾರ ಕಟ್ಟಿ
ಟಾರ್ಚ್ ಹಚ್ಚಿ ಇಳಿಬಿಟ್ಟ.
ಬೆಳಕು ತಳ ಮುಟ್ಟಿತು. "ಏನಿಲ್ಲ, ಇಳೀರಿ."
ಮಟ್ಟದ ಕೋಲು ಹಿಡಿಯುವ ಗಾದ್ರಪ್ಪ
ಆ ಕೋಲನ್ನೇ ಬಾಯಿಗೆ ಅಡ್ಡ ಇಟ್ಟ.
"ಆ ದೀಪ ಆರೋದಲ್ಲ ಸಾರ್.
ಆರದ ದೀಪದ ಮಾತು ಹಗೇವಿನಾಗೆ ನಂಬಬಾರ್ದು."

ಅಡುಗೆ ಶೆಡ್ಡಿನಿಂದ ಎಣ್ಣೆ,
ಹರಿದ ಬನೀನಿನ ಬತ್ತಿ, ಟೀ ಲೋಟಕ್ಕೆ ತಂತಿ.
ಐದಡಿಗೆ ಉರಿ ತೆಳ್ಳಗಾಯಿತು.
ಏಳಡಿಗೆ, ಯಾರೋ ಊದಿದಂತೆ, ಹೋಯಿತು.
ಇಳಿಯಲೆಂದು ಲುಂಗಿ ಎತ್ತಿ ಕಟ್ಟಿದ್ದ ಒಡಿಶಾದ ಹುಡುಗ
ಮಾತಾಡದೆ ಲುಂಗಿ ಕೆಳಗೆ ಬಿಟ್ಟ.

ಹಳೇ ಪಹಣಿಯಲ್ಲಿ ಈ ಜಾಗದ ಎದುರು
ಒಂದೇ ಮಾತಿದೆ: ಬೇಚರಾಕ್.
ದೀಪ ಹಚ್ಚುವವರಿಲ್ಲದ ಊರು.
ನಾನು ಅದನ್ನು ಹೋಬಳಿಯ ಹೆಸರೆಂದುಕೊಂಡಿದ್ದೆ.

ಎರಡು ದಿನ ಗಾಳಿ ಊದಿ
ಬತ್ತಿ ತಳದವರೆಗೂ ಉರಿದ ಮೇಲೆ ಗಾದ್ರಪ್ಪನೇ ಇಳಿದ.
ಟೇಪಿನ ಈ ತುದಿ ನನ್ನ ಕೈಲಿ.
ಆಳ ಹತ್ತಡಿ. ಹೊಟ್ಟೆ ಎಂಟಡಿ.
"ನೂರು ಚೀಲ ಹಿಡೀತೈತೆ ಕಣಮ್ಮ" ಅಂದ ದನಿ
ಮೇಲೆ ಬರುವಷ್ಟರಲ್ಲಿ ಬೇರೆ ಯಾರದೋ ಆಗಿತ್ತು.
ಗೋಡೆಗೆ ಹುಲ್ಲಿನ ಹುರಿ ಇನ್ನೂ ಅಂಟಿತ್ತಂತೆ.
ಹತ್ತಿ ಬಂದವನ ಮುಷ್ಟಿಯಲ್ಲಿ
ಕರಿಕಾದ ಹತ್ತೊಂಬತ್ತು ಕಾಳು.
ಎಣಿಸಿದ್ದು ನಾನು. ಅಭ್ಯಾಸ.

ಪಾಯದ ಕೆಳಗೆ ಪೊಳ್ಳು ಇರಕೂಡದು.
ಎರಡು ಮಿಕ್ಸರ್ ಲಾರಿ, ಹನ್ನೊಂದು ಘನ ಮೀಟರು,
ಸಂಜೆಯೊಳಗೆ ಕುತ್ತಿಗೆವರೆಗೆ.
ಟೆಂಡರಿನಲ್ಲಿ ಈ ಕೆಲಸಕ್ಕೆ ಹೆಸರಿಲ್ಲ.
ಹೆಚ್ಚುವರಿ ಬಾಬತ್ತು ಎಂದು ಹಾಕಿ
ವಿವರದ ಕಾಲಮ್ಮಿನಲ್ಲಿ ಬರೆದೆ:
ಗೋದಾಮು, ಹಳೆಯದು, ಒಂದು. ತುಂಬಿದೆ.
ಪುಣೆಯಿಂದ ಆಡಿಟಿನವರು ಫೋನು ಮಾಡಿದರು.
"ಯಾವ ಹಂತದ್ದು ಮೇಡಂ?"
ಆ ಲೈನಿನಲ್ಲಿ ಬಹಳ ಹೊತ್ತು ಫ್ಯಾನಿನ ಸದ್ದು.
"ಎರಡು" ಅಂದೆ.

ಮೊದಲ ಹಂತಕ್ಕೆ ಸರಕು ಬರುತ್ತಿದೆ:
ಶಾಂಪೂ, ಸೀಲಿಂಗ್ ಫ್ಯಾನು, ಮಕ್ಕಳ ಡೈಪರು.
ಸೋಮವಾರ ಬಂದದ್ದು ಗುರುವಾರ ಇರುವುದಿಲ್ಲ.
ಗಾದ್ರಪ್ಪ ಬಾಗಿಲಲ್ಲಿ ನಿಂತು ನೋಡುತ್ತಾನೆ.
"ಎರಡು ವರ್ಸ ಕೂತಿರತಿತ್ತು ನಮ್ಮಜ್ಜಿ ಹಾಕಿದ ಜೋಳ.
ಇದನ್ನ ಗೋದಾಮು ಅಂತಾರಾ?
ಬಸ್‌ಸ್ಟ್ಯಾಂಡು ಇದು."

ನಿನ್ನೆ ಮೂರನೇ ಹಂತದ ಮಟ್ಟ ತೆಗೆಯಲು ಹೊರಟೆವು.
ಕೋಲು ಹೊತ್ತು ಅವನು ಮುಂದೆ.
ದೂರದ ಗುಡ್ಡದ ಮೇಲೆ ಗಾಳಿಯಂತ್ರ ಒಂದು ತಿರುಗುತ್ತಿತ್ತು,
ಪಕ್ಕದ್ದು ನಿಂತಿತ್ತು.
ಜೋಳದ ನಡುವೆ ನಿಂತು
ಹಿಮ್ಮಡಿಯಿಂದ ಒಮ್ಮೆ ಗುದ್ದಿದ.
ಎರಡು ಹೆಜ್ಜೆ ಸರಿದು ಇನ್ನೊಮ್ಮೆ.
ತಲೆ ವಾರೆ ಮಾಡಿ ಕೇಳಿಸಿಕೊಂಡ.
ಆಮೇಲೆ ನನ್ನ ಕಡೆ ನೋಡಿದ.

ಪುಸ್ತಕ ಕಂಕುಳಲ್ಲೇ ಇತ್ತು. ನಾನು ತೆರೆಯಲಿಲ್ಲ.

"ರೀಡಿಂಗ್ ತಗೊಳಮ್ಮ" ಅಂದ,
ಕೋಲು ನೆಟ್ಟಗೆ ಹಿಡಿದು.